ಎಲ್ಲಿಗೆ ಅಂತ ಕೇಳಬಾರದು

ಒಳ್ಳೆಯ ಕೆಲಸಕ್ಕೆ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಕೇಳುತ್ತಾರೆ. ತಿಳಿದುಕೊಳ್ಳದಿದ್ದರೆ ಹೊಟ್ಟೆಯೇ ಒಡೆದುಹೋಗುತ್ತದೆ ಎನ್ನುವವರು 'ದೂರ ಹೊಂಟ್ರ್ಯಾ?' ಅಂದರೆ ಸಾಕು, ತಪ್ಪಿಲ್ಲ. ಬಾಯಿ ತಪ್ಪಿ 'ಎಲ್ಲಿಗೆ' ಬಂದೇಬಿಟ್ಟರೆ ಅದಕ್ಕೂ ಪರಿಹಾರವಿದೆ. ಹೊರಟವನು ಮತ್ತೆ ಕೂತು, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಏಳಬೇಕು. ನಾನು ಇದನ್ನೆಲ್ಲ ನಂಬಿದವನಲ್ಲ. ನನ್ನ ಗೆಳೆಯ ನಂಬುತ್ತಿದ್ದ. ಹೊಸಪೇಟೆಯಿಂದ ಎಮ್ಮಿಗನೂರಿಗೆ ಸೈಕಲ್ಲಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ನಮಗೆ ನಾಲ್ಕು ದಿನ ಹಿಡಿಯಿತು. ಅರ್ಧ ತಪ್ಪು ಈ ನಂಬಿಕೆಯದು, ಇನ್ನರ್ಧ ಒಬ್ಬ ಅಜ್ಜಿಯ ವಿಭೂತಿಯದು.

ಅದಿರಿನ ಕಾಲ ಅದು. ನಿನ್ನೆ ಲೂನಾ ತಳ್ಳುತ್ತಿದ್ದವನ ಮನೆಯ ಮುಂದೆ ಇವತ್ತು ಜೀಪು ನಿಂತಿರುತ್ತಿತ್ತು. ನಾನು ಅದಿರಿನ ಲಾರಿಗಳ ತೂಕ ಹಿಡಿಯುವ ಕಾಟಾದಲ್ಲಿ ಗುಮಾಸ್ತನಾಗಿದ್ದೆ. ಸಂಜೆ ಮನೆಗೆ ಬಂದು ಮುಖ ತೊಳೆದರೆ ಬಚ್ಚಲಲ್ಲಿ ಕೆಂಪು ನೀರು ಹರಿಯುತ್ತಿತ್ತು. ಗೆಳೆಯನಿಗೆ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ. ರಿಪೇರಿಯೂ ಮಾಡುತ್ತಿದ್ದ, ಬಾಡಿಗೆಗೂ ಕೊಡುತ್ತಿದ್ದ. ಊರಿಗೆ ಊರೇ ಬೈಕು ಹತ್ತಿದ ಮೇಲೆ ಅವನ ಸೈಕಲ್ಲುಗಳನ್ನು ಕೇಳುತ್ತಿದ್ದವರು ಹಂಪಿ ನೋಡಲು ರೈಲಿಳಿಯುವ ಫಾರಿನ್ನಿನವರು ಮಾತ್ರ. ಅಂಥ ಒಬ್ಬ ತನ್ನ ದೇಶಕ್ಕೆ ಹೊರಡುವಾಗ ಚೀಲ ಭಾರವಾಯಿತೆಂದು ಒಂದು ನೀಲಿ ಡೇರೆಯನ್ನು ಇವನ ಅಂಗಡಿಯಲ್ಲೇ ಬಿಟ್ಟುಹೋಗಿದ್ದ.

ಆ ವರ್ಷ ಗೆಳೆಯನ ಮನೆಯವರು ಎಮ್ಮಿಗನೂರಿನಲ್ಲಿ ಒಂದು ಹೆಣ್ಣು ನೋಡಿದರು. ಭತ್ತ ಬೆಳೆಯುವ ಮನೆತನ, ತಲೆಮಾರುಗಳಿಂದ ಅಲ್ಲೇ ಇದ್ದವರು. ನಾನೂ ಜೊತೆಗೆ ಹೋಗಿದ್ದೆ. ಉಪ್ಪಿಟ್ಟು ಬಂತು, ಚಹಾ ಬಂತು, ಹುಡುಗಿ ಬಂದು ಕೂತಳು. ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದು ನಮ್ಮ ಕಡೆಯ ಹಿರಿಯರೊಬ್ಬರು ಬಾಯಿಮಾತಿಗೆ ಅಂದರು. ಅವಳು ಕೇಳಿಯೇಬಿಟ್ಟಳು.

"ಸೈಕಲ್ ಬಾಡಿಗಿಗೆ ಕೊಡ್ತಾರಂತ. ತಾವೂ ತುಳೀತಾರೇನು?"

ಎಲ್ಲರೂ ನಕ್ಕರು. ಇವನ ಬಾಯಿ ತುಂಬ ಉಪ್ಪಿಟ್ಟಿತ್ತು. ಅದನ್ನು ನುಂಗುವಷ್ಟರಲ್ಲಿ ಮಾತು ಮಳೆಯ ಕಡೆ, ಬೆಳೆಯ ಕಡೆ ಹೋಗಿಬಿಟ್ಟಿತ್ತು. ಉತ್ತರ ಕೊಡಲಾಗಲಿಲ್ಲ. ಹೊರಡುವಾಗ ಹುಡುಗಿಯ ಅಪ್ಪ "ಸುಗ್ಗಿ ಮುಗೀಲಿ, ಹೇಳಿ ಕಳಸ್ತೀವ್ರಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಸುಗ್ಗಿ ಇನ್ನೂ ಮುಗಿದಿರಲಿಲ್ಲ, ಆಗಲೇ ಸುದ್ದಿ ಬಂತು. ಎರಡು ಟಿಪ್ಪರ್ ಇರುವ ಹುಡುಗನೊಬ್ಬನ ಕಡೆಯವರು ಆ ಮನೆಗೆ ಬಂದುಹೋಗಿದ್ದಾರೆ ಎಂದು.

"ಮರತುಬಿಡು," ಅಂದೆ. "ಟಿಪ್ಪರ್ ಮುಂದ ನಿನ್ನ ಸೈಕಲ್ ಎಷ್ಟರದು?"

ಅವನು ಪಂಕ್ಚರಾದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಲಿಲ್ಲ. "ಬ್ಯಾಡ ಅನ್ನಾಕಿ ಆಗಿದ್ರ ತುಳೀತಾರೇನು ಅಂತ ಯಾಕ ಕೇಳ್ತಿದ್ಲು? ತುಳದು ತೋರಸ್ತೀನಿ. ಹೂಂ ಅನ್ಲಿ, ಊಹೂಂ ಅನ್ಲಿ, ಆಕಿ ಬಾಯಿಂದನ ಕೇಳ್ತೀನಿ."

ಕರೆಯದೆ ಹೆಣ್ಣಿನ ಮನೆಗೆ ಹೋಗುವಂತಿಲ್ಲ, ಅದಕ್ಕೊಂದು ನೆಪ ಬೇಕು. ನೆಪ ಅವನ ಹತ್ತಿರ ತಯಾರಿತ್ತು. ಹೆಣ್ಣು ನೋಡಲು ಹೋದ ದಿನ ಹುಡುಗಿಯ ಅಜ್ಜಿ, ಸಂಡೂರಿನ ಕುಮಾರಸ್ವಾಮಿ ಗುಡ್ಡದ ವಿಭೂತಿ ತೀರಿಹೋಗಿದೆ, ಲಾರಿಗಳ ಕಾಟಕ್ಕೆ ಈಗ ಆ ಕಡೆ ಯಾರೂ ಹೋಗುವುದಿಲ್ಲ ಎಂದು ಗೊಣಗಿದ್ದರು. ಯಾರೂ ಕಿವಿಗೊಟ್ಟಿರಲಿಲ್ಲ. ಉಪ್ಪಿಟ್ಟು ನುಂಗುತ್ತಿದ್ದ ಈ ಮನುಷ್ಯ ಮಾತ್ರ ಕೇಳಿಸಿಕೊಂಡಿದ್ದ. ಮೊದಲು ಸಂಡೂರು, ಅಲ್ಲಿಂದ ತಿರುಗಿ ಹಂಪಿ, ಕಂಪ್ಲಿ, ಆಮೇಲೆ ಎಮ್ಮಿಗನೂರು. ಎಲ್ಲ ಸೈಕಲ್ಲಿನ ಮೇಲೆಯೇ. ಉಳಿಯಲು ಡೇರೆ ಇದ್ದೇ ಇತ್ತು.

ನನಗೆ ಕೋಪ ಮೂಗಿನ ತುದಿಯಲ್ಲಿ, ಅವನಿಗೆ ಹಟ ಮೈತುಂಬ. ಯಾಕೆ ಹೊರಟೆನೋ ಗೊತ್ತಿಲ್ಲ. ಕಾಟಾದಲ್ಲಿ ಹೊಟ್ಟೆನೋವು ಎಂದು ಹೇಳಿ ರಜೆ ಹಾಕಿದೆ. ಅವನ ತಾಯಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಟ್ಟು, ಹೊಸ್ತಿಲಲ್ಲಿ ನಿಂತು ಮಗನಿಗೆ ಕೊನೆಯ ಮಾತು ಹೇಳಿದರು: "ದಾರ್‍ಯಾಗ ಯಾರರ ಎಲ್ಲಿಗೆ ಅಂದ್ರ ಕುಂತು ನೀರ ಕುಡದು ಏಳಪಾ." ಅವನು ಕ್ಯಾರಿಯರಿಗೆ ದೊಡ್ಡದೊಂದು ನೀರಿನ ಬಾಟಲಿ ಕಟ್ಟಿಕೊಂಡಿದ್ದ. ಅದು ಬಾಯಾರಿಕೆಗೆಂದು ನಾನು ತಿಳಿದಿದ್ದೆ.

ಓಣಿಯ ತಿರುವಿನಲ್ಲೇ ಹಾಲಿನವನು ಕೇಳಿದ, "ಎಲ್ಲಿಗೋ, ಇಷ್ಟು ಹೊತ್ತಾರೆ?" ಗೆಳೆಯ ಇಳಿದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಕಟ್ಟೆಯ ಮೇಲೆ ಕೂತ. ನೀರು ಕುಡಿದ. ಎದ್ದ. ಮಿರ್ಚಿ ಮಂಡಕ್ಕಿ ತಿನ್ನಲು ನಿಂತಲ್ಲಿ ಹೋಟೆಲಿನವನು ಕೇಳಿದ, ಮತ್ತೆ ಅದೇ ಆಯಿತು. ಊರ ಹೊರಗೆ ಚೆಕ್‌ಪೋಸ್ಟಿನಲ್ಲಿ ಪೊಲೀಸಪ್ಪ ಕೇಳಿದ. ಪೊಲೀಸರು ಬೇರೆ ಏನು ಕೇಳುತ್ತಾರೆ? ಅವರ ಕೆಲಸವೇ ಅದು. ಇವನು ಉತ್ತರ ಕೊಡದೆ ರಸ್ತೆಯ ಬದಿಯಲ್ಲಿ ಕೂತು ಬಾಟಲಿ ಎತ್ತಿದ್ದನ್ನು ಕಂಡು ಅವರಿಗೆ ಸಂಶಯ ಬಂದು, ಡೇರೆಯನ್ನು ಪೂರ್ತಿ ಬಿಚ್ಚಿಸಿ ನೋಡಿದರು. ಅದನ್ನು ಮತ್ತೆ ಮಡಚುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಸಂಡೂರಿನ ದಾರಿಯಲ್ಲಿ ಲಾರಿಯ ಬಾಲಕ್ಕೆ ಲಾರಿ. ಒಂದು ಹಾದುಹೋದರೆ ಕೆಂಪು ಧೂಳಿನಲ್ಲಿ ನನಗೆ ನನ್ನ ಹ್ಯಾಂಡಲ್ಲೇ ಕಾಣುತ್ತಿರಲಿಲ್ಲ. ಬೇಲಿ ಕೆಂಪು, ಬೇವಿನ ಮರ ಕೆಂಪು, ಮೈಲಿಗಲ್ಲು ಕೆಂಪು. ಡ್ರೈವರುಗಳು ಮೇಲಿನಿಂದ ತಲೆ ಹೊರಹಾಕಿ ಕೂಗುತ್ತಿದ್ದರು, "ಎಲ್ಲಿಗಲೇ, ಸೈಕಲ್ ಸರ್ಕಸ್ಸು?" ಏರಿನಲ್ಲಿ ಬೆವರು ಕಿತ್ತುಬರುವಂತೆ ತುಳಿದು ಇನ್ನೇನು ನೆತ್ತಿ ಸಿಕ್ಕಿತು ಅನ್ನುವಾಗ ಈತ ಇಳಿದು ಕೂರುತ್ತಿದ್ದ. ಕುಡಿದ ನೀರು ಸುಮ್ಮನಿರುತ್ತದೆಯೇ? ಅದಕ್ಕೆ ಬೇರೆ ಇಳಿಯಬೇಕಾಗುತ್ತಿತ್ತು. ನಾನು ಬೈದೆ, ಅವನ ವಂಶವನ್ನೂ ಬೈದೆ. ಅವನು ಹಲ್ಲು ಬಿಟ್ಟು ನಕ್ಕ. ಇಡೀ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗಿತ್ತು.

ಸಂಡೂರು ಇನ್ನೂ ಸ್ವಲ್ಪ ದೂರವಿದ್ದಾಗ ಸಂಜೆಯಾಯಿತು. ಬೀಳು ಬಿದ್ದ ಹೊಲವೊಂದರ ಅಂಚಿನಲ್ಲಿ ಡೇರೆ ಹಾಕಿದೆವು. ಮೊದಲ ಸಲ ಅದು ತಲೆಕೆಳಗಾಯಿತು, ಎರಡನೆಯ ಸಲ ನನ್ನ ಮೇಲೆಯೇ ಬಿತ್ತು. ಅದರೊಳಗಿಂದ ನಾನು ಹೊರಬರುವಷ್ಟರಲ್ಲಿ ಎದುರಿಗೆ ಒಬ್ಬರು ವಯಸ್ಸಾದ ಯಜಮಾನರು ನಿಂತಿದ್ದರು. ಹೊಲ ಅವರದು.

"ಸರ್ವೇದವ್ರೇನ್ರಿ?"

"ಅಲ್ರಿ ಯಜಮಾನ್ರ, ಸುಮ್ನ ಬಂದೀವಿ."

"ಸುಮ್ನ ಯಾರು ಡೇರೆ ಹಾಕ್ತಾರ್ರಿ? ನನಗ ಗೊತ್ತೈತಿ ಬಿಡ್ರಿ." ಸರಸರನೆ ಹೋದವರು ಟವೆಲಿನಲ್ಲಿ ಒಂದಷ್ಟು ಕಲ್ಲು ಕಟ್ಟಿಕೊಂಡು ತಿರುಗಿ ಬಂದರು. "ಇದ ಹೊಲದ್ವು. ನೋಡಿ ಹೇಳ್ರಿ, ಅದ್ರು ಐತೇನು?"

ಆಗ ಆ ಸೀಮೆಯಲ್ಲಿ ಡೇರೆ ಕಂಡರೆ ಅದಿರು ಹುಡುಕುವವರು ಎಂದೇ ಅರ್ಥ. ಕಾಟಾದಲ್ಲಿ ಕೂತು ಕೂತು ನನಗೂ ಒಂದಿಷ್ಟು ಗೊತ್ತಿತ್ತು. ಕಲ್ಲನ್ನು ಅಂಗೈಯಲ್ಲಿಟ್ಟು ತೂಗಿದೆ. ಒಳ್ಳೆಯ ಅದಿರು ಗಾತ್ರಕ್ಕಿಂತ ಭಾರವಿರುತ್ತದೆ, ಕೈ ಕೆಳಗಿಳಿಯುತ್ತದೆ. ಇವು ಬರೀ ಕಲ್ಲು. ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದೆ. ಗೆಳೆಯ ನನ್ನ ಮುಖ ನೋಡಿ ತಿಳಿದುಕೊಂಡು ಮೆತ್ತಗೆ, "ಇದ್ರಾಗ ಅದ್ರು ಇಲ್ಲ ಯಜಮಾನ್ರ," ಅಂದ.

ಅವರು ಬದುವಿನ ಮೇಲೆ ಕೂತುಬಿಟ್ಟರು. ಟವೆಲಿನ ಕಲ್ಲುಗಳನ್ನು ಬದುವಿನಾಚೆ ಸುರಿದು ನಗತೊಡಗಿದರು. "ಬದುಕಿದೆ ಬಿಡ್ರಿ. ಮಕ್ಳು ದಿನಾ ಅಗಿಯೋಣು, ಅಗಿಯೋಣು ಅಂತ ತಲಿ ತಿಂತಿದ್ರು. ಸರ್ವೇದವ್ರ ಇಲ್ಲ ಅಂದ್ರು ಅಂತ ಹೇಳ್ತೀನಿ. ಇನ್ನ ಆರಾಮ ಶೇಂಗಾ ಹಾಕ್ತೀನಿ." ಅವರ ಮನೆಯಿಂದ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಬೆಳಿಗ್ಗೆ ನಾವು ಸೈಕಲ್ ಹತ್ತುವಾಗ ಬಂದು ನಿಂತು ಕೇಳಿದರು, "ದೂರ ಹೊಂಟ್ರ್ಯಾ?" ಅಷ್ಟೂ ದಾರಿಯಲ್ಲಿ ಸರಿಯಾಗಿ ಕೇಳಿದವರು ಅವರೊಬ್ಬರೇ. ಗೆಳೆಯ ಬಗ್ಗಿ ಅವರ ಕಾಲು ಮುಟ್ಟಿದ. ಯಾಕೆಂದು ಅವರಿಗೆ ತಿಳಿಯಲೇ ಇಲ್ಲ.

ಗುಡ್ಡದ ದಾರಿ ತಂಪಾಗಿತ್ತು. ಒಂದು ಕಡೆ ಕಾಡು, ಇನ್ನೊಂದು ಕಡೆ ಕೊರೆದು ಮೆಟ್ಟಿಲು ಮಾಡಿದ ಕೆಂಪು ಗುಡ್ಡ. ಸೈಕಲ್ ತಳ್ಳಿಕೊಂಡು ಹತ್ತುತ್ತ ಅವನನ್ನು ಗೋಳುಹೊಯ್ದೆ. ಹೆಂಗಸರ ನೆರಳೇ ಬೇಡವೆಂದು ಗುಡ್ಡ ಹತ್ತಿ ಕೂತ ಬ್ರಹ್ಮಚಾರಿ ದೇವರ ಹತ್ತಿರ ಹೋಗಿ ಹೆಣ್ಣು ಕೇಳುವವನು ಲೋಕದಲ್ಲಿ ನೀನೊಬ್ಬನೇ ಅಂದೆ. "ನಾ ಹೆಣ್ಣು ಕೇಳಂಗಿಲ್ಲ, ವಿಭೂತಿ ಕೇಳ್ತೀನಿ," ಅಂದ. ಗುಡಿಯಲ್ಲಿ ಕೈಮುಗಿದು, ವಿಭೂತಿ ತೆಗೆದುಕೊಂಡು, ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ತನ್ನ ಒಂದೇ ಒಂದು ಬಿಳಿ ಅಂಗಿಯಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟ. ಆ ಅಂಗಿ ಎಮ್ಮಿಗನೂರಿಗೆಂದು ಇಸ್ತ್ರಿ ಮಾಡಿಸಿದ್ದು.

ಇಳಿಜಾರು ಮಾತ್ರ ಮಸ್ತ್. ಒಂದು ಸಲವೂ ಪೆಡಲ್ ತುಳಿಯದೆ, ಇಬ್ಬರೂ ಕಾಲು ಚಾಚಿಕೊಂಡು, ಗಂಟಲು ಹರಿಯುವಂತೆ ಕೂಗಿಕೊಂಡು ಇಳಿದೆವು. ಯಾರು 'ಎಲ್ಲಿಗೆ' ಎಂದು ಕೇಳಿದರೂ ನಮಗೆ ಕೇಳಿಸುವಂತಿರಲಿಲ್ಲ. ಕೇಳಿಸದಿದ್ದರೆ ಲೆಕ್ಕಕ್ಕಿಲ್ಲವಂತೆ, ಅವನೇ ಹೇಳಿದ. ಅಷ್ಟು ಸುಖವಾಗಿ ನಾನು ಆ ವರ್ಷವಿಡೀ ಉಸಿರಾಡಿರಲಿಲ್ಲ.

ಕೆಲಸ ಆಗುವ ತನಕ ಮನೆಯ ಹೊಸ್ತಿಲು ತುಳಿಯಬಾರದೆಂದು ಹೊಸಪೇಟೆಯನ್ನು ಬದಿಯಿಂದಲೇ ದಾಟಿಸಿದ. ಕಮಲಾಪುರದ ಹತ್ತಿರ ಬಾಳೆತೋಟವೊಂದರ ಪಕ್ಕದಲ್ಲಿ ಎರಡನೆಯ ಡೇರೆ. ಈ ಸಲ ಒಂದೇ ಯತ್ನಕ್ಕೆ ನಿಂತಿತು. ಮೂರನೆಯ ದಿನ ಬೆಳಿಗ್ಗೆ ಹಂಪಿಯಲ್ಲಿ ಹೊಳೆಗಿಳಿದೆವು. ಮೈಯಿಂದ ಕೆಂಪು ನೀರು ಇಳಿಯುತ್ತಲೇ ಇತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು "ಆ ಕಡಿಗೆ ಹೋಗ್ರಪಾ, ನಮ್ಮ ಸೀರಿಗೆ ಬಣ್ಣ ಹತ್ತತೈತಿ" ಎಂದು ಓಡಿಸಿದರು.

ಹಂಪಿ ಬಜಾರಿನ ಕಲ್ಲು ಮಂಟಪವೊಂದರಲ್ಲಿ ಹೋಟೆಲಿತ್ತು. ಇಡ್ಲಿ ತಿಂದು ಏಳುವಾಗ ಹೋಟೆಲಿನಾಕೆ ಸೈಕಲ್ಲನ್ನೂ ಡೇರೆಯನ್ನೂ ನೋಡಿ, ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಕೇಳಿದರು, "ವೇರ್ ಗೋಯಿಂಗ್?"

ಗೆಳೆಯ ಒಂದು ಕಾಲು ಪೆಡಲ್ಲಿನ ಮೇಲಿಟ್ಟವನು ಹಾಗೇ ನಿಂತ. ಇದು ಲೆಕ್ಕಕ್ಕುಂಟೋ ಇಲ್ಲವೋ ಎಂದು ಯೋಚಿಸಿದ. ನಾನು ಕೈಮುಗಿದೆ, "ಬ್ಯಾಡಲೇ, ಇಂಗ್ಲಿಷಿಗೆ ಇದೆಲ್ಲ ಇಲ್ಲ." ಅವನು ಇಳಿದು ಕಲ್ಲಿನ ಮೇಲೆ ಕೂತು ಬಾಟಲಿ ಬಿಚ್ಚಿದ. "ದೇವ್ರಿಗೆ ಇಂಗ್ಲಿಷ್ ಬರಂಗಿಲ್ಲೇನು?" ಅಂದ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಕಾಟಾದಲ್ಲಿ ಹೇಳಿದ ಹೊಟ್ಟೆನೋವಿನ ಸುಳ್ಳು ನಿಜವಾಯಿತು.

ಕಂಪ್ಲಿಯ ದಾರಿಯಲ್ಲಿ ಧೂಳಿರಲಿಲ್ಲ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಕೊಯ್ದ ಗದ್ದೆ. ರಸ್ತೆಯ ಮೇಲೆಲ್ಲ ಭತ್ತ ಒಣಹಾಕಿದ್ದರು. ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ತಮ್ಮ ಕಣದಲ್ಲೇ ಡೇರೆ ಹಾಕಿಕೊಳ್ಳಿ ಎಂದರು. ಗೆಳೆಯ ಅವತ್ತು ಹೆಚ್ಚು ಮಾತಾಡಲಿಲ್ಲ. ರೊಟ್ಟಿಯನ್ನೂ ಸರಿಯಾಗಿ ತಿನ್ನಲಿಲ್ಲ. "ಊಹೂಂ ಅಂದ್ರ ಹೆಂಗಲೇ?" ಎಂದು ಒಂದೇ ಸಲ ಕೇಳಿದ. ಮೂರು ದಿನ ನಗುನಗುತ್ತ ಬಂದವನ ಹೊಟ್ಟೆಯೊಳಗೆ ಇಷ್ಟು ಭಯವಿತ್ತೆಂದು ನನಗೆ ಆಗ ತಿಳಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಗಡ್ಡ ಬೋಳಿಸಿ ಬಿಳಿ ಅಂಗಿ ತೆಗೆದ. ವಿಭೂತಿ ಕವರಿನೊಳಗೆ ಬೆಳ್ಳಗೇ ಇತ್ತು. ಅಂಗಿ ಮಾತ್ರ ಚೀಲದೊಳಕ್ಕೆ ನುಗ್ಗಿದ ಧೂಳಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬೇರೆ ಒಳ್ಳೆಯ ಅಂಗಿ ಇರಲಿಲ್ಲ, ಅದನ್ನೇ ಹಾಕಿಕೊಂಡ. ಹೊರಟೆವು. ಗಿರಣಿಯ ಹಮಾಲಿ "ಎಲ್ಲಿಗ್ರೀ?" ಅಂದ. ಇವನು ಕೂತು ಕುಡಿದ. ಗೇಟಿನ ಕಾವಲುಗಾರ ಕೇಳಿದ. ಕೂತು ಕುಡಿದ. ರಸ್ತೆಗೆ ಬಂದರೆ ಚಹಾದಂಗಡಿಯವನು. ಬಾಟಲಿಯ ಕೊನೆಯ ಗುಟುಕೂ ಮುಗಿಯಿತು. ನನಗೆ ನೆತ್ತಿಗೇರಿತು.

"ನಿನಗರ ಗೊತ್ತೈತೇನಲೇ ಎಲ್ಲಿಗೆ ಹೊಂಟೀಯಂತ?" ಎಂದು ರಸ್ತೆಯ ನಡುವೆ ಕಿರುಚಿದೆ. "ಎಲ್ಲಿಗೆ? ಹೇಳು, ಎಲ್ಲಿಗೆ? ಆಕಿ ಇಷ್ಟೊತ್ತಿಗೆ ಟಿಪ್ಪರ್‌ನಾವಗ ಹೂಂ ಅಂದಿರ್ತಾಳ."

ಅವನು ಖಾಲಿ ಬಾಟಲಿಯನ್ನು ನೋಡಿದ, ನನ್ನನ್ನು ನೋಡಿದ. ಚಹಾದಂಗಡಿಯಲ್ಲಿ ನೀರಿತ್ತು, ಕೇಳಿದ್ದರೆ ಕೊಡುತ್ತಿದ್ದರು. ಅವನು ಕೇಳಲಿಲ್ಲ, ಕೂರಲೂ ಇಲ್ಲ. ಸೈಕಲ್ ಹತ್ತಿ ಹೊರಟುಬಿಟ್ಟ. ಹಿಂದಿನಿಂದ ತುಳಿಯುತ್ತ ನನಗೆ ಅಳು ಬರುವಂತಾಯಿತು. ಹಾಲಿನವನು, ಪೊಲೀಸರು, ಲಾರಿ ಡ್ರೈವರು, ಇವರೆಲ್ಲ ತಿಳಿಯದೆ ಕೇಳಿದವರು. ನಾನು ಬೇಕೆಂದೇ ಕೇಳಿದ್ದೆ. ಎಮ್ಮಿಗನೂರು ಬರುವ ತನಕ, ನಂಬಿಕೆಯಿಲ್ಲದ ನಾನು, ಅವನ ಬದಲು ಮನಸ್ಸಿನಲ್ಲೇ ಸಾವಿರ ಗುಟುಕು ನೀರು ಕುಡಿದೆ.

ಅಂಗಳದಲ್ಲಿ ಹುಡುಗಿಯ ಅಪ್ಪ ಭತ್ತದ ಚೀಲಗಳಿಗೆ ಬಾಯಿ ಹೊಲಿಯುತ್ತಿದ್ದರು. ನಮ್ಮನ್ನು ಕಂಡು ದಬ್ಬಣ ಕೆಳಗಿಟ್ಟು, "ಬರ್ರಿ, ಕುಂದ್ರಿ," ಅಂದರು. ಮಾತಿನಲ್ಲಿ ಮರ್ಯಾದೆಯಿತ್ತು, ಮುಖದಲ್ಲಿ ಏನೂ ಇರಲಿಲ್ಲ. ಕಟ್ಟೆಯ ಮೇಲಿದ್ದ ಅಜ್ಜಿಯ ಕೈಗೆ ಗೆಳೆಯ ವಿಭೂತಿ ಕೊಟ್ಟ. ಅವರು ಬಿಚ್ಚಿ, ಮೂಸಿ, ಕಣ್ಣಿಗೊತ್ತಿಕೊಂಡರು. "ಸಂಡೂರಿಗೆ ಹೋಗಿದ್ಯಾ? ಸೈಕಲ್ ಮ್ಯಾಲ? ಎಷ್ಟು ದಿನ ಆತಪಾ?"

"ನಾಕು ದಿನ, ಅಜ್ಜಿ."

"ನಾಕು ದಿನ ಯಾಕ? ನಡಕೊಂಡ ಬರಬಹುದಿತ್ತಲ್ಲ."

ಅವನು ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ನನ್ನ ತಪ್ಪಿಗೆ ಪ್ರಾಯಶ್ಚಿತ್ತವೋ ಏನೋ, ಹಾಲಿನವನಿಂದ ಹಿಡಿದು ಎಲ್ಲ ಹೇಳಿದೆ. ಪೊಲೀಸರು ಡೇರೆ ಬಿಚ್ಚಿಸಿದ್ದು, ಏರಿನಲ್ಲಿ ಇಳಿದಿಳಿದು ಕೂತದ್ದು, ದೇವರಿಗೆ ಇಂಗ್ಲಿಷ್ ಬರುತ್ತದೆಂದು ಹಂಪಿಯಲ್ಲಿ ನೀರು ಕುಡಿದದ್ದು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅಡುಗೆಮನೆಯ ಒಳಗಿನಿಂದಲೂ ಒಂದು ನಗು ಕೇಳಿಸಿ, ಥಟ್ಟನೆ ನಿಂತಿತು. ಕಂಪ್ಲಿಯಲ್ಲಿ ನಾನು ಕಿರುಚಿದ್ದನ್ನು ಮಾತ್ರ ಹೇಳಲಿಲ್ಲ.

ಚಹಾ ಬಂತು. ತಂದವರು ತಾಯಿ. ಹುಡುಗಿ ಹೊರಗೆ ಬರಲೇ ಇಲ್ಲ. ಅಪ್ಪ ಭತ್ತದ ಮಾತಾಡಿದರು, ಕಾಲುವೆಯ ನೀರಿನ ಮಾತಾಡಿದರು. ಚಹಾ ಮುಗಿಯಿತು, ಮಾತೂ ಮುಗಿಯಿತು. ಗೆಳೆಯ ಎದ್ದು, "ಬರ್ತೀವ್ರಿ," ಅಂದ. "ಹೂಂ. ಸುಗ್ಗಿ ಮುಗೀಲಿ, ಹೇಳಿ ಕಳಸ್ತೀವ್ರಿ," ಅಂದರು ಅಪ್ಪ. ಮತ್ತದೇ ದೀಪ, ಅದೇ ಅಡ್ಡಗೋಡೆ. ನಾಲ್ಕು ದಿನ ತುಳಿದದ್ದು ಇಷ್ಟಕ್ಕಾಯಿತಲ್ಲ ಅನ್ನಿಸಿತು. ಅವನು ಅಂಗಳ ದಾಟಿ ಸೈಕಲ್ಲಿನ ಸ್ಟ್ಯಾಂಡ್ ತೆಗೆದ. ಇಟ್ಟಿಗೆ ಬಣ್ಣದ ಆ ಅಂಗಿಯ ಬೆನ್ನು ನೋಡಲು ನನಗೆ ಆಗಲಿಲ್ಲ.

"ಎಲ್ಲಿಗೆ?"

ಬಾಗಿಲಲ್ಲಿ ಹುಡುಗಿ ನಿಂತಿದ್ದಳು.

ಅಜ್ಜಿ ಹೌಹಾರಿದರು. "ಬುದ್ಧಿ ಐತೇನ ನಿನಗ? ಹೊಂಟಾರನ್ನ ಎಲ್ಲಿಗೆ ಅಂತ ಕೇಳ್ತಾರೇನ?"

"ಬಾಯಿ ತಪ್ಪಿ ಬಂತು," ಅಂದಳು. ತಪ್ಪಿದ ಗುರುತು ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಅವಳ ಕೈಯಲ್ಲಿ ಆಗಲೇ ನೀರು ತುಂಬಿದ ಚೊಂಬಿತ್ತು. "ಏನ್ ಮಾಡಾಕ ಬರತೈತಿ? ಕೇಳಿಬಿಟ್ಟೀನಿ. ಇನ್ನ ಒಳಗ ಬಂದು ಕುಂತು, ನೀರ ಕುಡದ ಹೋಗಬೇಕಲ್ಲ."

ಅಪ್ಪ ಮಗಳ ಮುಖ ನೋಡಿದರು, ಚೊಂಬು ನೋಡಿದರು, ಸೈಕಲ್ ಹಿಡಿದು ನಿಂತವನನ್ನು ನೋಡಿದರು. ಅಷ್ಟು ಹೊತ್ತೂ 'ರಿ' ಹಚ್ಚಿ ಮಾತಾಡಿದವರು, ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಹೇಳಿದರು, "ಬಾರಪಾ, ಒಳಗ ಬಾ. ಕುಂದ್ರು."

ಅವನು ಹೋಗಿ ಕೂತ. ಚೊಂಬು ಕೊಡುವಾಗ ಅವಳು ಮೆಲ್ಲಗೆ, "ತುಳೀತೀರಿ ಅಂದಂಗಾತು," ಅಂದಳು. ಒಂದು ಗುಟುಕು ಸಾಕಿತ್ತು. ಅವನು ಚೊಂಬನ್ನು ಪೂರ್ತಿ ಖಾಲಿ ಮಾಡಿ ಕೆಳಗಿಟ್ಟ. ನಾನು ಎರಡೂ ಸೈಕಲ್ಲುಗಳನ್ನು ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದೆ. ಪದ್ಧತಿಯ ಪ್ರಕಾರ ನೀರು ಕುಡಿದಾಯಿತು, ಈಗ ಏಳಬೇಕು.

"ಹೋಗೋಣೇನಲೇ?" ಎಂದು ಅಲ್ಲಿಂದಲೇ ಕೇಳಿದೆ.

"ಎಲ್ಲಿಗೆ?" ಅಂದ ನನ್ನ ಗೆಳೆಯ.